ನಡುತುಂಡಿನಲ್ಲಿ ಯಾರು ಹಿಂದೆ ಸರಿಯಬೇಕು

ಆ ಬೆಟ್ಟದ ರಸ್ತೆಗೆ ಕೆಳಗಿನಿಂದ ಡಾಂಬರು ಬಂತು, ಮೇಲಿನಿಂದಲೂ ಬಂತು, ನಡುವೆ ಮಾತ್ರ ಎರಡೂ ಕೈಕೊಟ್ಟವು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪಾತಾಳ, ಮಧ್ಯೆ ಒಂದೇ ಒಂದು ಗಾಡಿ ಹಿಡಿಸುವಷ್ಟು ಕಲ್ಲುಮಣ್ಣಿನ ದಾರಿ. ಜನ ಅದನ್ನು ನಡುತುಂಡು ಎನ್ನುತ್ತಿದ್ದರು. ಅದರ ಕೆಳಗಿನ ತುದಿಯಲ್ಲಿ ಒಂದು ಟೀ ಅಂಗಡಿ, ಮೇಲಿನ ತುದಿಯಲ್ಲಿ ಒಂದು ಬಯಲು. ಗಾಡಿ ಪಕ್ಕಕ್ಕೆ ಹಾಕಿ ನಿಲ್ಲಲು ಜಾಗವಿದ್ದದ್ದು ಆ ಎರಡು ಕಡೆ ಮಾತ್ರ. ಒಳಗೆ ಎದುರುಬದುರಾದರೆ ಇಬ್ಬರಲ್ಲಿ ಒಬ್ಬರು ಹಿಂದಕ್ಕೆ ಹೋಗಲೇಬೇಕು.

ಯಾರು ಹೋಗಬೇಕು? ಬೇರೆ ಕಡೆಯಾದರೆ ಬಾಯಿ ಜೋರಿದ್ದವನು ಇದನ್ನು ತೀರ್ಮಾನಿಸುತ್ತಾನೆ. ಇಲ್ಲಿ ವರಸೆ ತೀರ್ಮಾನಿಸುತ್ತಿತ್ತು. ಹೇಸರಗತ್ತೆಗಳ ಮೇಲೆ ಉಪ್ಪು ಹೊರುತ್ತಿದ್ದ ಕಾಲದಿಂದ ಹಾಗೆಯೇ. ತಮ್ಮನಾದವನು ಅಣ್ಣನಿಗೆ, ಮಗನ ವರಸೆಯವನು ಚಿಕ್ಕಪ್ಪನಿಗೆ, ಮೊಮ್ಮಗ ತಾತನಿಗೆ ದಾರಿ ಬಿಡಬೇಕು. ಒಂದೇ ಒಂದು ವಿನಾಯಿತಿ: ಹೆಣ್ಣು ಕೊಟ್ಟವರು, ಹೆಣ್ಣು ತಂದುಕೊಂಡವರಿಗೆ ದಾರಿ ಬಿಡಬೇಕು. ಮಾವನ ಹಲ್ಲು ಬಿದ್ದಿರಲಿ, ಸೊಂಟ ಹಿಡಿದಿರಲಿ, ಅಳಿಯನ ಗಾಡಿ ಎದುರು ಬಂದರೆ ಹಿಂದಕ್ಕೆ ಹೋಗುವುದು ಮಾವನೇ. ಹೊಸಬರು ಬಂದರೆ? ಇಂಜಿನ್ ಆಫ್ ಮಾಡಿ, ಕೆಳಗಿಳಿದು, "ಯಾರ ಪೈಕಿ ನೀವು?" ಎಂದು ಶುರು ಮಾಡುವುದು. ಅವರ ಅತ್ತೆ, ಇವರ ಚಿಕ್ಕಮ್ಮ, ಅವರ ಷಡ್ಡಕ, ಇವರ ನಾದಿನಿ ಎಂದು ಎಳೆಯುತ್ತಾ ಹೋದರೆ ಎಲ್ಲೋ ಒಂದು ಕಡೆ ಗಂಟು ಬಿದ್ದೇ ಬೀಳುತ್ತದೆ. ಆಮೇಲೆ ಕಿರಿಯನೆಂದು ಗೊತ್ತಾದವನು ನಗುತ್ತಾ ಹಿಂದಕ್ಕೆ ಹೋಗುತ್ತಾನೆ.

ರಸ್ತೆ ಅರ್ಧಕ್ಕೇ ನಿಂತದ್ದೂ ಈ ವರಸೆಯ ದೆಸೆಯಿಂದಲೇ. ಡಾಂಬರಿನ ಕಾಲದಲ್ಲಿ ಕೆಳಗಿನಿಂದ ರೋಡ್ ರೋಲರ್ ಹತ್ತಿತು, ಮೇಲಿನಿಂದ ಜಲ್ಲಿ ಲಾರಿ ಇಳಿಯಿತು. ನಡುವೆ ಎದುರಾದಾಗ ಕೇಳಿ ನೋಡಿದರೆ ಇಬ್ಬರು ಡ್ರೈವರುಗಳೂ ಷಡ್ಡಕರು! ಅಕ್ಕತಂಗಿಯರನ್ನು ಒಂದೇ ದಿನ ಮದುವೆಯಾದವರು. ಹಿರಿಯ ಯಾರು, ಕಿರಿಯ ಯಾರು? ಲಾರಿಯವನು ಅಕ್ಕನ ಗಂಡ, ಆದರೆ ವಯಸ್ಸಿನಲ್ಲಿ ರೋಲರಿನವನೇ ದೊಡ್ಡವನು. ಇಬ್ಬರೂ ಹಟಕ್ಕೆ ಬಿದ್ದು ಗಾಡಿಯಲ್ಲೇ ಕೂತರು, ಅಲ್ಲೇ ಉಂಡರು. ಅವರ ಹೆಂಡತಿಯರು ಬಂದು ಇಬ್ಬರಿಗೂ ಉಗಿಯುವಷ್ಟರಲ್ಲಿ ಡಾಂಬರು ಪೀಪಾಯಿಯಲ್ಲೇ ಕಲ್ಲಾಗಿತ್ತು, ಮಳೆ ಹಿಡಿದಿತ್ತು, ಕಂಟ್ರಾಕ್ಟರು ಕೈ ತೊಳೆದುಕೊಂಡು ಹೋಗಿದ್ದ. ಆಮೇಲೆ ಬಂದ ಸಾಹೇಬರುಗಳೆಲ್ಲ ನಡುತುಂಡನ್ನು ನೋಡುವುದು, ನಿಟ್ಟುಸಿರು ಬಿಡುವುದು, ಟೀ ಕುಡಿದು ಹೋಗುವುದು. ಊರವರಿಗೂ ಅದೇ ಅನುಕೂಲವಾಗಿತ್ತು. ಆ ದಾರಿಯಲ್ಲಿ ಇರುವಷ್ಟು ಮರ್ಯಾದೆ ಬೇರೆಲ್ಲಿದೆ, ನೀವೇ ಹೇಳಿ.

ಆ ಮರ್ಯಾದೆಯ ಪೂರ್ತಿ ಸುಖ ಉಂಡವನೆಂದರೆ ಬಸ್ಸಿನ ಡ್ರೈವರ್. ಅವನನ್ನು ಎಲ್ಲರೂ ಚಿಕ್ಕತಾತ ಎನ್ನುತ್ತಿದ್ದರು. ವಯಸ್ಸಾಗಿದೆ ಎಂದಲ್ಲ, ತೊಟ್ಟಿಲಲ್ಲಿದ್ದಾಗಲೇ ಅವನು ಚಿಕ್ಕತಾತ. ಊರಿಗೆಲ್ಲ ಮೂಲಪುರುಷನಂತಿದ್ದ ಅಜ್ಜ ಇಳಿವಯಸ್ಸಿನಲ್ಲಿ ಇನ್ನೊಂದು ಮದುವೆಯಾಗಿ ಹುಟ್ಟಿಸಿದ ಮಗ ಇವನು. ಹಾಗಾಗಿ ತಲೆ ನೆರೆತವರೂ ಇವನಿಗೆ ಮೊಮ್ಮಕ್ಕಳ ವರಸೆ. ಸ್ಟೇರಿಂಗ್ ಹಿಡಿದ ಮೊದಲ ದಿನದಿಂದಲೂ ಎದುರು ಬಂದ ಲಾರಿ, ಜೀಪು, ಟ್ರ್ಯಾಕ್ಟರ್ ಎಲ್ಲವೂ "ಬಾ ಚಿಕ್ಕತಾತ, ಬಾ" ಎಂದು ಹಿಂದಕ್ಕೆ ಸರಿಯುತ್ತಿದ್ದವು. ಇವನು ಎದೆ ಉಬ್ಬಿಸಿಕೊಂಡು ಮುಂದಕ್ಕೆ ಹೋಗುತ್ತಿದ್ದ.

ಇದರಲ್ಲೊಂದು ಯಡವಟ್ಟಾಗಿತ್ತು. ಚಿಕ್ಕತಾತನಿಗೆ ರಿವರ್ಸ್ ಬರುತ್ತಿರಲಿಲ್ಲ.

ನಗಬೇಡಿ. ಕಲಿಯುವ ಪ್ರಸಂಗ ಬಂದಿದ್ದರಲ್ಲವೇ ಕಲಿಯುವುದು? ಕೆಳಗಿನ ಬಸ್‌ಸ್ಟ್ಯಾಂಡಿನಲ್ಲಿ ಮರಕ್ಕೆ ಸುತ್ತು ಹಾಕಿದರೆ ಬಸ್ಸು ತಿರುಗಿತು. ಮೇಲಿನ ಊರಿನಲ್ಲಿ ಸ್ಕೂಲಿನ ಮೈದಾನ ಸುತ್ತಿದರೆ ತಿರುಗಿತು. ಲೈಸೆನ್ಸ್ ಪರೀಕ್ಷೆಗೆ ಬಂದ ಇನ್‌ಸ್ಪೆಕ್ಟರ್ ಸಾಹೇಬರಿಗೆ ತಿರುವುಗಳಲ್ಲಿ ಹೊಟ್ಟೆ ತೊಳಸಿ, ಬಯಲು ಮುಟ್ಟುವಷ್ಟರಲ್ಲಿ ಪ್ರಾಣ ಬಾಯಿಗೆ ಬಂದಿತ್ತು. "ಚೆನ್ನಾಗೇ ಓಡಿಸ್ತೀಯಪ್ಪಾ, ಮೊದಲು ನನ್ನ ಇಳಿಸು" ಎಂದು ರುಜು ಹಾಕಿ, ವಾಪಸ್ಸು ನಡೆದುಕೊಂಡೇ ಇಳಿದು ಹೋದರು. ಹೀಗೆ ಇಡೀ ಬೆಟ್ಟದಲ್ಲಿ ದೊಡ್ಡ ಡ್ರೈವರ್ ಎಂದು ಹೆಸರಾದವನಿಗೆ ಹಿಂದಕ್ಕೆ ಹೋಗುವುದೊಂದು ಗೊತ್ತಿರಲಿಲ್ಲ. ಅದು ಅವನೊಬ್ಬನಿಗೇ ಗೊತ್ತಿದ್ದ ಗುಟ್ಟು.

ಬಸ್ಸಿನ ಕಂಡಕ್ಟರ್ ಅವನ ಮಗಳು. ಒಬ್ಬಳೇ ಮಗಳು. ಬಾಯಿ ಸ್ವಲ್ಪ ಜೋರು, ಲೆಕ್ಕ ಚೊಕ್ಕ, ಸೀಟಿ ಹೊಡೆದರೆ ಎದುರು ಬೆಟ್ಟದ ಮೇಕೆಗಳು ತಲೆ ಎತ್ತುತ್ತಿದ್ದವು. ಬೆಳಗಿನ ಟ್ರಿಪ್ಪಿನಲ್ಲಿ ಅವಳು ಟಿಕೆಟ್ ಹರಿದು ಮುಗಿಸಿ, ನಡುತುಂಡು ಬರುವಷ್ಟರಲ್ಲಿ ಮುಂದಿನ ಸೀಟಿಗೆ ಬಂದು ಕೂರುತ್ತಿದ್ದಳು. ಅದೇ ಹೊತ್ತಿಗೆ ಮೇಲಿನಿಂದ ಹಾಲಿನ ವ್ಯಾನು ಎದುರಾಗುತ್ತಿತ್ತು. ವ್ಯಾನಿನ ಹುಡುಗ ಬೆಟ್ಟದಾಚೆಯವನು, ಸುತ್ತಿ ಬಳಸಿ ನೋಡಿದರೆ ಚಿಕ್ಕತಾತನಿಗೆ ಸೋದರಳಿಯನ ವರಸೆ. "ಬನ್ನಿ ಮಾವಾ" ಎಂದು ಕೈ ಮಾಡಿ, ಕ್ಯಾನುಗಳು ಕುಲುಕದ ಹಾಗೆ ವ್ಯಾನನ್ನು ಬಯಲಿನ ತನಕ ಹಿಂದಕ್ಕೆ ಒಯ್ಯುತ್ತಿದ್ದ. ತಿರುವಿನಲ್ಲಿ ಹಿಂದೆ ನೋಡುವುದು, ನೇರ ಇದ್ದಲ್ಲಿ ಮುಂದೆ ನೋಡಿ ನಗುವುದು. ಬಸ್ಸು ಮುಂದೆ, ವ್ಯಾನು ಹಿಂದೆ, ಗಾಜಿಗೆ ಗಾಜು ಎದುರು, ಮುಖಕ್ಕೆ ಮುಖ ಎದುರು.

"ಎಂಥಾ ವಿನಯ ನೋಡು ಆ ಹುಡುಗಂದು! ದಿನಾ ನನ್ನ ನೋಡಿ ಹೆಂಗೆ ನಗ್ತಾನೆ!" ಎನ್ನುತ್ತಿದ್ದ ಚಿಕ್ಕತಾತ.

"ಹೂಂ ಅಪ್ಪಾ, ತುಂಬಾ ವಿನಯ" ಎಂದು ಮಗಳು ಕಿಟಕಿಯಾಚೆ ನೋಡುತ್ತಿದ್ದಳು.

ಒಂದು ಭಾನುವಾರ ಬಸ್ಸು ತೊಳೆಯುತ್ತಿದ್ದಾಗ ಅವಳು ಬಕೆಟ್ ಕೆಳಗಿಟ್ಟು ಹೇಳಿಯೇಬಿಟ್ಟಳು. "ಅಪ್ಪಾ, ನಾನು ಹಾಲಿನ ವ್ಯಾನಿನವನ್ನ ಮದುವೆ ಆಗ್ತೀನಿ. ಅವರ ಮನೇಲಿ ಒಪ್ಪಿದಾರೆ. ನೀನೂ ಒಪ್ಕೋ."

ಚಿಕ್ಕತಾತನಿಗೆ ಸಂತೋಷವೇ ಆಯಿತು. ಮನೆಗೆ ಹೋಗಿ ಹೆಂಡತಿಗೆ ಹೇಳಿದ, ಅವಳಿಗೆ ಮೊದಲೇ ಗೊತ್ತಿತ್ತು. ಟೀ ಅಂಗಡಿಗೆ ಹೋಗಿ ಅಕ್ಕನಿಗೆ ಹೇಳಿದ. ಆ ಅಂಗಡಿ ಅವನ ಸ್ವಂತ ಅಕ್ಕನದು. ನಡುತುಂಡಿನ ಬಾಯಲ್ಲೇ ಕೂತು, ಯಾರು ಯಾರಿಗೆ ಏನಾಗಬೇಕು ಎಂಬುದನ್ನು ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಮುದುಕಿ. ವರಸೆಯ ವಿಷಯದಲ್ಲಿ ಅವಳು ಹೇಳಿದ್ದೇ ಕೊನೆ.

"ಒಳ್ಳೇದಾಯ್ತು ಕಣೋ" ಎಂದಳು ಅಕ್ಕ. ಟೀ ಸೋಸುತ್ತಾ ಒಂದು ಕ್ಷಣ ನಿಂತು, "ಹಂಗಾದ್ರೆ ಮಾತುಕತೆ ಮುಗಿದ ಮಾರನೇ ದಿನದಿಂದ ನೀನೇ ಹಿಂದಕ್ಕೆ ಹೋಗ್ಬೇಕು, ಅಲ್ವಾ? ಹೆಣ್ಣು ಕೊಟ್ಟೋನು ನೀನು" ಎಂದು ನಕ್ಕಳು.

ಚಿಕ್ಕತಾತನ ಕೈಯಲ್ಲಿದ್ದ ಟೀ ಅಂಗಿಯ ಮೇಲೆ ಚೆಲ್ಲಿತು. ಪ್ಯಾಸೆಂಜರುಗಳು ತುಂಬಿದ ಬಸ್ಸು, ಹಿಂದೆ ಇಳಿಜಾರು, ಪಕ್ಕದಲ್ಲಿ ಪಾತಾಳ! ಪ್ರತಿ ದಿನ!

ಅಂದಿನಿಂದ ಅವನಿಗೆ ಹುಡುಗನಲ್ಲಿ ಹುಳುಕು ಕಾಣತೊಡಗಿತು. ಊಟಕ್ಕೆ ಕೂತಾಗ, "ಆ ಹುಡುಗನ ಕತ್ತು ಸೊಟ್ಟಗಿದೆ. ಯಾವಾಗ್ಲೂ ಹಿಂದಕ್ಕೆ ನೋಡಿ ನೋಡಿ ಹಂಗಾಗಿದೆ" ಎಂದ. ಮರುದಿನ, "ಮೈಯೆಲ್ಲಾ ಹಾಲಿನ ವಾಸನೆ" ಎಂದ.

"ಹಾಲಿನ ವಾಸನೆ ಇರದೆ ಇನ್ನೇನು ಡೀಸೆಲ್ ವಾಸನೆ ಇರ್ಬೇಕಿತ್ತಾ? ಅದನ್ನ ನಾನು ಇಷ್ಟು ವರ್ಷ ಸಹಿಸ್ಕೊಂಡಿಲ್ವಾ?" ಎಂದು ಹೆಂಡತಿ ಸಾರಿನ ಸೌಟು ಕುಕ್ಕಿದಳು.

ಮಗಳು ಏನೂ ಅನ್ನಲಿಲ್ಲ. ಅದೇ ಕಷ್ಟವಾಯಿತು. ಬಸ್ಸಿನಲ್ಲಿ ಅವಳು "ರೈಟ್" ಎನ್ನುತ್ತಿದ್ದಳು, "ಹೋಲ್ಡಾನ್" ಎನ್ನುತ್ತಿದ್ದಳು, ಅಪ್ಪನ ಜೊತೆ ಬೇರೆ ಮಾತಿಲ್ಲ. ಮುಂದಿನ ಸೀಟಿಗೂ ಬರುವುದು ಬಿಟ್ಟಳು. ಕನ್ನಡಿಯಲ್ಲಿ ಅವಳ ಊದಿಕೊಂಡ ಕಣ್ಣು ಕಂಡಾಗ ಚಿಕ್ಕತಾತ ನಿಜ ಹೇಳಿಬಿಡಲೇ ಎಂದುಕೊಳ್ಳುವನು. ಊರಿಗೆಲ್ಲ ತಾತ, ರಿವರ್ಸ್ ಬರದ ಡ್ರೈವರ್! ನಾಲಗೆ ಏಳುತ್ತಿರಲಿಲ್ಲ.

ಕಲಿತೇಬಿಡೋಣ ಎಂದು ಮಗಳು ರಜೆ ಹಾಕಿದ ದಿನ ಅಕ್ಕನ ಅಂಗಡಿಯ ಹಿಂದೆ ಬಸ್ಸು ನಿಲ್ಲಿಸಿ, ಗೇರ್ ಹಾಕಿ, ಎಡಕ್ಕೆ ತಿರುಗಿಸಿದ. ಬಸ್ಸಿನ ಬೆನ್ನು ಅವನೆಣಿಸದ ಕಡೆ ಹೋಯಿತು. ಗಾಬರಿಯಾಗಿ ಬಲಕ್ಕೆ ತಿರುಗಿಸಿದ, ಢಮಾರ್ ಎಂದಿತು. ಅಕ್ಕನ ನೀರಿನ ಡ್ರಮ್ಮು ಅಪ್ಪಚ್ಚಿಯಾಗಿ ಮಲಗಿತ್ತು.

"ಏನೋ ಅದು ಸದ್ದು?" ಎಂದು ಅಕ್ಕ ಹೊರಗೆ ಬಂದಳು.

"ಎಮ್ಮೆ ಅಕ್ಕಾ. ಎಮ್ಮೆ ಗುದ್ದಿ ಓಡೋಯ್ತು."

ಅಕ್ಕ ಡ್ರಮ್ಮನ್ನು ನೋಡಿದಳು, ಬಸ್ಸನ್ನು ನೋಡಿದಳು. "ನಮ್ಮೂರ ಎಮ್ಮೆಗೆ ಹಸಿರು ಬಣ್ಣ ಯಾವಾಗ ಬಳಿದ್ರೋ ತಮ್ಮಾ?" ಎಂದಷ್ಟೇ ಕೇಳಿ ಒಳಗೆ ಹೋದಳು. ಅವಳು ಆಮೇಲೆ ಅದನ್ನು ಯಾರ ಹತ್ತಿರವೂ ಎತ್ತಲಿಲ್ಲ.

ಉಳಿದದ್ದು ಒಂದೇ ದಾರಿ. ಚಿಕ್ಕತಾತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೆಳಗಿನ ಪೇಟೆಯ ರಸ್ತೆ ಇಲಾಖೆಗೆ ಹೋದ. ಉದ್ದನೆಯ ಬೆಂಚಿನ ಮೇಲೆ ಕಾದು ಕಾದು, ಫ್ಯಾನು ಕಿರುಗುಟ್ಟುವ ಕೋಣೆಯೊಳಗೆ ಇಂಜಿನಿಯರ್ ಮುಂದೆ ಕೈಮುಗಿದು ನಿಂತ.

"ಸಾರ್, ನಮ್ಮ ನಡುತುಂಡನ್ನ ಅಗಲ ಮಾಡಿಸಿಕೊಡಿ."

ಇಂಜಿನಿಯರ್ ಕನ್ನಡಕ ತೆಗೆದರು. "ನೀವು ಬೆಟ್ಟದ ಮೇಲಿನವರಾ? ನಿಜವಾಗ್ಲೂ? ನಮ್ಮ ಆಫೀಸು ಶುರುವಾದಾಗಿಂದ ನಿಮ್ಮ ಕಡೆಯವರು ಬೇಡ ಬೇಡ ಅನ್ನೋಕೆ ಬಂದಿದಾರೆ, ಬೇಕು ಅನ್ನೋಕೆ ಬಂದೋರು ನೀವೇ ಮೊದಲು."

"ಬೇಕೇ ಬೇಕು ಸಾರ್. ನಿಮ್ಮ ಕಾಲಿಗೆ ಬೀಳ್ತೀನಿ. ಮುಂದಿನ ವಾರ ಆಗುತ್ತಾ?"

ಇಂಜಿನಿಯರಿಗೆ ನಗು ಬಂತು. ಪಾಪ, ಒಳ್ಳೆಯ ಮನುಷ್ಯ. "ವಾರದಲ್ಲಿ ಆಗಲ್ಲ, ಆದ್ರೆ ಮಾಡಿಸ್ತೀನಿ. ಕೇಳಿಕೊಂಡು ಬಂದಿದೀರಲ್ಲ, ನನಗೂ ಹುರುಪು ಬಂತು" ಎಂದು ಮಾತು ಕೊಟ್ಟರು.

ಮದುವೆಯ ಮಾತುಕತೆಯನ್ನು ರಸ್ತೆ ಆಗುವ ತನಕ ಮುಂದೂಡಬೇಕೆಂದು ಚಿಕ್ಕತಾತ ಲೆಕ್ಕ ಹಾಕಿಕೊಂಡು ಬಂದರೆ, ಮನೆಯಲ್ಲಿ ಬೀಗರು ಚಾಪೆಯ ಮೇಲೆ ಕೂತಿದ್ದರು. ಹೆಂಡತಿ ಮತ್ತು ಅಕ್ಕ ಸೇರಿ ಎಲ್ಲ ಮುಗಿಸಿಬಿಟ್ಟಿದ್ದರು. "ಇವನ ಬಾಯಿಂದ ಹೂಂ ಬರೋ ತನಕ ಕಾದ್ರೆ ಹುಡುಗಿ ತಲೆ ನೆರೆಯುತ್ತೆ" ಎಂದಳು ಅಕ್ಕ. ಮಗಳು ಬಾಗಿಲ ಹಿಂದೆ ನಿಂತು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಆ ಮುಖ ನೋಡಿ ಇಲ್ಲವೆನ್ನಲು ಅವನೇನು ಕಟುಕನೇ? "ಹೂಂ" ಎಂದ.

ಮಾರನೇ ಬೆಳಿಗ್ಗೆ ಬಸ್ಸು ತುಂಬಿ ತುಳುಕುತ್ತಿತ್ತು. ಪೇಟೆಯಲ್ಲಿ ಕೆಲಸವಿದ್ದವರೂ ಮೇಲಕ್ಕೆ ಹೋಗುವ ಬಸ್ಸು ಹತ್ತಿದ್ದರು. ಚಿಕ್ಕತಾತ ಹುಟ್ಟಿದಾಗಿನಿಂದ ಮೊದಲ ಸಲ ಹಿಂದಕ್ಕೆ ಹೋಗುವುದನ್ನು ನೋಡಬೇಡವೇ! ಅಕ್ಕ ಅಂಗಡಿಗೆ ಬೀಗ ಹಾಕಿ ಬಂದು ಡ್ರೈವರ್ ಸೀಟಿನ ಹಿಂದೆಯೇ ಕೂತಳು. ನಡುತುಂಡಿನ ನಟ್ಟನಡುವೆ, ಬಂಡೆ ಹೊಟ್ಟೆ ಮುಂದಕ್ಕೆ ಚಾಚಿದ ಜಾಗದಲ್ಲಿ, ಹಾಲಿನ ವ್ಯಾನು ಎದುರಾಯಿತು.

ಎರಡೂ ನಿಂತವು. ಹುಡುಗ ನಾಚಿಕೊಂಡು ತಲೆ ತಗ್ಗಿಸಿದ. ಮಗಳು ಕಂಡಕ್ಟರುಗಳ ರೂಢಿಯಂತೆ ಬಸ್ಸಿನ ಹಿಂದೆ ನಿಂತು ದಾರಿ ತೋರಿಸಲು ಇಳಿಯಹೊರಟಳು.

"ಮಗಳೇ" ಎಂದ ಚಿಕ್ಕತಾತ. ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. "ಇಲ್ಲಿ ಬಾ. ಹತ್ರ ಬಾ. ನಂಗೆ ಬರಲ್ಲ."

"ಏನು ಬರಲ್ಲ?"

"ಹಿಂದಕ್ಕೆ. ಹಿಂದಕ್ಕೆ ಹೋಗೋಕೆ ಬರಲ್ಲ ಕಣೇ. ಕಲಿತೇ ಇಲ್ಲ."

ಅವಳು ಕಣ್ಣು ಬಿಟ್ಟುಕೊಂಡು ನೋಡಿದಳು. ಆಮೇಲೆ ಸೀಟಿನ ಕಂಬಿ ಹಿಡಿದು ನಗತೊಡಗಿದಳು. ನಗುತ್ತಾ ನಗುತ್ತಾ ಅಳು ಬಂತು, ಅಳುತ್ತಾ ಸಿಟ್ಟು ಬಂತು. "ಇದಕ್ಕಾ ಅಪ್ಪಾ? ಇದಕ್ಕಾ ನೀನು ಅವನ ಕತ್ತು ಸೊಟ್ಟ ಅಂದಿದ್ದು? ನಿಂಗೆ ಅವನು ಇಷ್ಟ ಇಲ್ಲ ಅಂತ ನಾನು ಎಷ್ಟು ಅತ್ತಿದೀನಿ ಗೊತ್ತಾ? ಒಂದು ಮಾತು ಹೇಳ್ಬಾರದಿತ್ತಾ?"

"ಮರ್ಯಾದೆ ಹೋಗುತ್ತಲ್ಲೇ..."

"ನಿನ್ನ ಮರ್ಯಾದೆಗಿಷ್ಟು ಬೆಂಕಿ ಹಾಕ!" ಎಂದು ಅವಳು ಕೆಳಗೆ ಹಾರಿದಳು. ಟಿಕೆಟಿನ ಚೀಲವನ್ನು ಅಕ್ಕನ ಮಡಿಲಿಗೆ ಎಸೆದು, ನೇರ ವ್ಯಾನಿನ ಹತ್ತಿರ ಹೋಗಿ ಬಾಗಿಲು ತೆಗೆದು, "ಸರಿ ಆ ಕಡೆ" ಎಂದಳು. ಹುಡುಗ ಸರಿದ. ಅವಳು ಸ್ಟೇರಿಂಗ್ ಹಿಡಿದು ಗೇರ್ ಹಾಕಿದಳು.

ಬಸ್ಸಿನೊಳಗೆ ಗಲಾಟೆ ಎದ್ದಿತು. "ಅದೆಂಗಾಗುತ್ತೆ? ಗಂಡಿನ ಕಡೆ ಗಾಡಿ ಹಿಂದಕ್ಕೆ ಹೋಗಂಗಿಲ್ಲ!" ಎಂದ ಒಬ್ಬ. ಇನ್ನೊಬ್ಬ, "ರೂಢಿ ಅಂದ್ರೆ ರೂಢಿ!" ಎಂದ.

ಅಕ್ಕ ಎದ್ದು ನಿಂತಳು. "ಗಾಡಿಗೆಂಥ ವರಸೆಯೋ? ವರಸೆ ಇರೋದು ಸ್ಟೇರಿಂಗ್ ಹಿಡಿದೋರಿಗೆ. ಅಲ್ಲಿ ಕೂತಿರೋದು ಯಾರು? ಮಗಳು. ಇಲ್ಲಿ ಕೂತಿರೋದು? ಅವಳಪ್ಪ. ಮಗಳು ಅಪ್ಪಂಗೆ ದಾರಿ ಬಿಟ್ರೆ ಯಾವನಪ್ಪನ ಗಂಟು ಹೋಗುತ್ತೆ? ಬಾಯಿ ಮುಚ್ಕೊಂಡು ಕೂತ್ಕೊಳ್ಳಿ!" ಕೂತರು.

ವ್ಯಾನು ನಿಧಾನಕ್ಕೆ ಹಿಂದೆ ಸರಿಯಿತು. "ಯಾವಾಗ ಕಲಿತಳಕ್ಕಾ ಇದನ್ನೆಲ್ಲಾ?" ಎಂದು ಚಿಕ್ಕತಾತ ಬಾಯಿ ಬಿಟ್ಟ. "ನೀನು ಮಧ್ಯಾಹ್ನ ಉಂಡು ಬಸ್ಸಲ್ಲಿ ಗೊರಕೆ ಹೊಡೀತೀಯಲ್ಲ, ಆವಾಗ. ಸ್ಕೂಲ್ ಮೈದಾನದಲ್ಲಿ. ಹುಡುಗ ಹೇಳಿಕೊಟ್ಟ" ಎಂದಳು ಅಕ್ಕ.

ಅವನು ಬಸ್ಸನ್ನು ಮುಂದೆ ಬಿಟ್ಟ. ತಿರುವಿನಲ್ಲಿ ಮಗಳು ಕತ್ತು ಹೊರಳಿಸಿ ಹಿಂದೆ ನೋಡಿದಳು, ನೇರ ಸಿಕ್ಕಿದಾಗ ಮುಂದೆ ತಿರುಗಿ ಗಾಜಿನಾಚೆಯಿಂದ ಅವನನ್ನು ನೋಡಿ ನಕ್ಕಳು. ಕೆನ್ನೆಯ ಮೇಲೆ ಇನ್ನೂ ನೀರಿತ್ತು. ಅದೇ ನಗು. ಹುಡುಗ ಇಷ್ಟು ವರ್ಷ ನಕ್ಕದ್ದು ಯಾರಿಗೆಂದು ಆಗ ಚಿಕ್ಕತಾತನಿಗೆ ಹೊಳೆಯಿತು. "ಥೂ ನನ್ನ!" ಎಂದು ಹಣೆ ಬಡಿದುಕೊಂಡ. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು. ಇಷ್ಟು ದಿನ ರಿವರ್ಸ್ ಗೇರಿನ ಚಿಂತೆಯಲ್ಲಿ ಮುಳುಗಿದ್ದವನು, ಮಗಳು ಮನೆ ಬಿಟ್ಟು ಹೋಗುತ್ತಾಳೆ ಎಂಬುದರ ಯೋಚನೆಯನ್ನೇ ಮಾಡಿರಲಿಲ್ಲ. ಅವಳು ಅವನ ಕಣ್ಣೆದುರೇ ಹೋಗುತ್ತಿದ್ದಳು.

ಮದುವೆಯಾಯಿತು. ಮಗಳು ಬೆಟ್ಟದಾಚೆಗೆ ಹೋದಳು. ಬಸ್ಸಿಗೆ ಹೊಸ ಕಂಡಕ್ಟರ್ ಬಂದ, ಸಭ್ಯ ಮನುಷ್ಯ, ಮಾತಿಗಿಂತ ಆಕಳಿಕೆ ಜಾಸ್ತಿ. ಸಂಜೆ ಮನೆಗೆ ಹೋದರೆ ಮನೆ ಬಣಗುಡುತ್ತಿತ್ತು. ಗಂಡ ಹೆಂಡತಿ ಇಬ್ಬರೂ ರೇಡಿಯೋ ದೊಡ್ಡದಾಗಿ ಹಾಕಿಕೊಂಡು ಕೂರುತ್ತಿದ್ದರು. ಆದರೆ ಬೆಳಗಿನ ಹೊತ್ತು ಹಾಲಿನ ವ್ಯಾನನ್ನು ಮಗಳೇ ಓಡಿಸುತ್ತಿದ್ದಳು. ಅಳಿಯ ಹಿಂದೆ ಇಳಿದು "ಬರ್ಲಿ, ಬರ್ಲಿ" ಎಂದು ಕೂಗುವನು, ಅವಳು ಅಪ್ಪನ ಬಸ್ಸಿನ ಮುಂದೆ ಹಿಂದಕ್ಕೆ ಹಿಂದಕ್ಕೆ ಹೋಗುವಳು. ನಡುತುಂಡು ಮುಗಿಯುವ ತನಕ ಇಬ್ಬರಿಗೂ ಗಾಜಿನೊಳಗಿಂದಲೇ ಮಾತು. ಮಾತ್ರೆ ನುಂಗಿದೆಯಾ ಎಂದು ಅವಳು ಬಾಯಿಗೆ ಬೆರಳಿಟ್ಟು ಕೇಳಿದರೆ, ಇವನು ನುಂಗದೇ ಇದ್ದರೂ ತಲೆಯಾಡಿಸುವನು. ಸುಳ್ಳೆಂದು ಅವಳು ಕೈಯೆತ್ತಿ ಗದರುವಳು. ಚಿಕ್ಕತಾತ ಆ ದಾರಿಯಲ್ಲಿ ಬಸ್ಸನ್ನು ಮೊದಲ ಗೇರಿನಿಂದ ಮೇಲಕ್ಕೆ ಏರಿಸುತ್ತಲೇ ಇರಲಿಲ್ಲ. ಪ್ಯಾಸೆಂಜರುಗಳು ಬೈದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅಕ್ಕನ ಅಂಗಡಿಯ ಮುಂದೆ ಇಲಾಖೆಯ ಜೀಪು ಬಂದು ನಿಂತಿತು. ಇಂಜಿನಿಯರ್ ಇಳಿದರು, ಮುಖ ಅರಳಿತ್ತು. ಹಿಂದೆ ಟೇಪು, ಕೆಂಪು ಬಾವುಟ ಹಿಡಿದ ಕೆಲಸಗಾರರು.

"ನೋಡಿ ಯಜಮಾನ್ರೇ, ಮಾತು ಉಳಿಸ್ಕೊಂಡೆ! ಮೇಲಧಿಕಾರಿಗಳ ಜೊತೆ ಗುದ್ದಾಡಿ ಗುದ್ದಾಡಿ ಒಪ್ಪಿಸಿದೀನಿ. ಬಂಡೆ ಒಡೆದು ಎರಡು ಬಸ್ಸು ಪಕ್ಕಪಕ್ಕದಲ್ಲಿ ಹೋಗೋ ಹಂಗೆ ಮಾಡ್ತೀವಿ. ಇನ್ನು ಯಾರೂ ಯಾರಿಗೂ ಹಿಂದಕ್ಕೆ ಹೋಗೋದು ಬೇಡ. ಎದುರು ಬಂದ್ರಾ, ಸುಯ್ ಅಂತ ಹೋಗ್ತಾ ಇರೋದು!"

ಟೀ ಕುಡಿಯುತ್ತಿದ್ದ ಚಿಕ್ಕತಾತ ಎದ್ದು ನಿಂತ. ಸುಯ್ ಅಂತ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅವಳು ಆ ಕಡೆ, ಇವನು ಈ ಕಡೆ.

"ಬೇಡ ಸಾರ್" ಎಂದ.

"ಏನು ಬೇಡ? ಕಾಲಿಗೆ ಬೀಳ್ತೀನಿ ಅಂದೋರು ನೀವೇ ಅಲ್ವಾ?"

"ಹೌದು ಸಾರ್, ತಪ್ಪಾಯ್ತು. ಈಗ ಬೇಡ ಅಂತ ಬೀಳ್ತೀನಿ."

"ತಮಾಷೆನಾ ಇದು? ಮೇಲಿನವರು ಕೇಳಿದ್ರೆ ನಾನೇನು ಹೇಳ್ಲಿ? ಬಂಡೆ ಗಟ್ಟಿ ಇದೆ ಅಂತಾನಾ?"

ಚಿಕ್ಕತಾತ ಲೋಟವನ್ನು ಕಟ್ಟೆಯ ಮೇಲಿಟ್ಟ. "ಬಂಡೆ ಏನೂ ಗಟ್ಟಿ ಇಲ್ಲ ಸಾರ್. ಸುಳ್ಳು ಯಾಕೆ ಹೇಳ್ಲಿ. ಮದುವೆಯಾದ ಹೆಣ್ಣುಮಕ್ಕಳು ಬೆನ್ನು ತಿರುಗಿಸಿ ಹೋಗಿಬಿಡ್ತಾರೆ. ನನ್ನ ಮಗಳು ದಿನಾ ನನ್ನ ಕಡೆ ಮುಖ ಮಾಡ್ಕೊಂಡೇ ಹೋಗ್ತಾಳೆ. ಅಷ್ಟು ದೂರ ನಾನು ಅವಳನ್ನ ನೋಡ್ತಾ ಹೋಗ್ತೀನಿ. ನೀವು ಅಗಲ ಮಾಡಿದ್ರೆ ನಂಗೆ ಅದೂ ಇರಲ್ಲ ಸಾರ್."

ಇಂಜಿನಿಯರ್ ಬೆಂಚಿನ ಮೇಲೆ ಕೂತರು. ನಡುತುಂಡಿನ ಕಡೆ ನೋಡಿದರು. "ನನ್ನ ಮಗಳ ಮದುವೆ ಹೋದ ವರ್ಷ ಆಯ್ತು" ಎಂದರು, ಯಾರೂ ಕೇಳದಿದ್ದರೂ. ಆಮೇಲೆ ಕೆಲಸಗಾರರಿಗೆ ಟೇಪು ಸುತ್ತಿಡಲು ಹೇಳಿ, ಅಕ್ಕನ ಹತ್ತಿರ ಇನ್ನೊಂದು ಟೀ ಕೇಳಿದರು.